ಈಶಾನ್ಯಕ್ಕೆ ಹರಿದ ನದಿ

ಮೊನ್ನೆ ಗೆಳತಿಯೊಬ್ಬಳ ಜೊತೆ ಫ್ಲ್ಯಾಟ್ ನೋಡಲು ಹೈದರಾಬಾದಿನ ಮಿಯಾಪುರಕ್ಕೆ ಹೋಗಿದ್ದೆ. ಕಟ್ಟಡ ಇನ್ನೂ ಪಾಯದ ಹಂತದಲ್ಲಿತ್ತು, ಆದರೆ ಸೈಟ್ ಆಫೀಸು ಮಾತ್ರ ಮದುವೆ ಮನೆಯ ಹಾಗೆ ಸಿಂಗಾರಗೊಂಡಿತ್ತು. ಬಾಗಿಲು ತೆಗೆದೊಡನೆ ಏಸಿ ಗಾಳಿಯ ಜೊತೆ ಒಂದು ಸಿಹಿ ವಾಸನೆ ಮೂಗಿಗೆ ಬಡಿಯಿತು. ಕ್ಲೋರೋಫಾರ್ಮಿನ ವಾಸನೆ. ಆಸ್ಪತ್ರೆಯದಲ್ಲ, ಅಕ್ರಿಲಿಕ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸುವವರ ಕೈಯಲ್ಲಿ ಸದಾ ಇರುವ ವಾಸನೆ. ನಡುಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮುಂದೆ ಬರಲಿರುವ ಟವರುಗಳ ಹೊಸ ಮಾಡೆಲ್ಲು ಕೂತಿತ್ತು. ಗೆಳತಿ ಕಾರ್ಪೆಟ್ ಏರಿಯಾ ಎಷ್ಟೆಂದು ವಿಚಾರಿಸುತ್ತಿದ್ದಳು. ನಾನು ಬಗ್ಗಿ ಈಜುಕೊಳ ಯಾವ ಮೂಲೆಯಲ್ಲಿದೆ ಎಂದು ನೋಡಿದೆ. ಈಶಾನ್ಯದಲ್ಲೇ ಇತ್ತು. ನಗು ಬಂತು. ಅದರ ಬೆನ್ನಿಗೇ ಅಪ್ಪನ ನೆನಪಾಯಿತು.

ಅಪ್ಪ ಈಗಿಲ್ಲ. ಅವರು ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ಬೀದರ್ ಕಡೆಯ ನಮ್ಮ ಮನೆತನ ಅಜ್ಜನ ಕಾಲಕ್ಕೇ ಸರಕಾರಿ ನೌಕರಿ ಹಿಡಿದು ಹೈದರಾಬಾದಿಗೆ ಬಂದಿತ್ತು. ಅಪ್ಪ ಅವಧಿಗೆ ಮುಂಚೆಯೇ ನಿವೃತ್ತಿ ಪಡೆದು, ಅವ್ವನ ತಮ್ಮ ಶರಣುಮಾಮಾನ ಜೊತೆ ಸೇರಿ ನಾಚಾರಂನಲ್ಲಿ ಒಂದು ಶೆಡ್ಡು ಹಿಡಿದರು. ಒಂದು ಪಕ್ಕಕ್ಕೆ ರಬ್ಬರ್ ವಾಷರ್ ಮಾಡುವವರು, ಇನ್ನೊಂದು ಪಕ್ಕಕ್ಕೆ ಔಷಧಿ ಬಾಟಲಿಯ ಮುಚ್ಚಳ ಮಾಡುವವರು, ನಡುವೆ ನಾವು. ಬಿಲ್ಡರುಗಳು ಕಟ್ಟಬೇಕಾದ ಮನೆಗಳನ್ನು ಅವರಿಗಿಂತ ಮೊದಲೇ ಪುಟ್ಟ ಮಾಡೆಲ್ಲಾಗಿ ಕಟ್ಟಿ ಕೊಡುವುದು ನಮ್ಮ ಕಸುಬು. ನನ್ನದು ಬಣ್ಣದ ಕೆಲಸ. ಗಿಡಮರಗಳೆಲ್ಲ ಮಲ್ಲಮ್ಮನ ಪಾಲು. ಯಾದಗಿರಿ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೂಲಿಗೆ ಬಂದಿದ್ದ ಮಲ್ಲಮ್ಮ, ನಮ್ಮ ಶೆಡ್ಡಿನ ನೆರಳಿಗೆ ಬಂದವಳು ಅಲ್ಲೇ ಉಳಿದುಬಿಟ್ಟಳು. ಸ್ಪಂಜನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಹಸಿರು ಬಣ್ಣಕ್ಕೆ ಹಾಕಿ ಒಣಗಿಸಿ, ಹೊಸೆದ ತಂತಿಗೆ ಅಂಟಿಸಿದರೆ ಒಂದು ಮರ. "ಹೈದ್ರಾಬಾದ್ದಾಗಿನ ಅರ್ಧ ತ್ವಾಟ ನಾನ ಹಚ್ಚೀನ್ರಿ ಅಕ್ಕಾರ" ಎಂದು ನನಗೆ ಹೇಳುತ್ತಿದ್ದಳು. ಅದು ಸುಳ್ಳೇನೂ ಆಗಿರಲಿಲ್ಲ.

ನಾನು ಹೇಳಹೊರಟಿರುವುದು ಕೊರೊನಾ ಬರುವುದಕ್ಕೆ ಹಿಂದಿನ ಮಳೆಗಾಲದ ಮಾತು. ಆ ವರ್ಷ ಬೇಸಿಗೆಯಲ್ಲೇ ಅಪ್ಪನಿಗೂ ಮಾಮಾನಿಗೂ ಮಾತು ನಿಂತಿತ್ತು. ಮಾಮಾ ಊರಿನ ಇನ್ನೊಂದು ತುದಿಯ ಮಾದಾಪುರಕ್ಕೆ ಹೋಗೋಣ ಎನ್ನುತ್ತಿದ್ದ. ಬಿಲ್ಡರುಗಳೆಲ್ಲ ಆ ಕಡೆ ಕೂತಿದ್ದಾರೆ, ಮೆಟ್ರೋ ಕೂಡ ಅಲ್ಲಿಯವರೆಗೆ ಬಂತು, ಗೆಳೆಯನೊಬ್ಬನ ಹತ್ತಿರ ಜಾಗವೂ ಇದೆ, ಮಾಡೆಲ್ಲನ್ನು ಅಚ್ಚು ಹಾಕುವ ಯಂತ್ರವೂ ಇದೆ, ಇನ್ನು ಎಷ್ಟು ದಿನ ಬ್ಲೇಡು ಹಿಡಿದು ಕೂರುವುದು ಎಂಬುದು ಅವನ ವಾದ. ಅಪ್ಪನಿಗೆ ನಾಚಾರಂ ಬಿಟ್ಟರೆ ಕೈ ಓಡುತ್ತಿರಲಿಲ್ಲ. ಮಾಮಾ ಒಂದು ಸಲ ಯಾವುದೋ ಮಾಡೆಲ್ಲಿನ ಟವರುಗಳನ್ನು ಆ ಯಂತ್ರದಲ್ಲಿ ಮಾಡಿಸಿ ತಂದು ನಿಲ್ಲಿಸಿದ. ಅಪ್ಪ ಒಂದು ಮಾತೂ ಆಡದೆ ಅವನ್ನೆಲ್ಲ ಕಿತ್ತು, ತಾವೇ ಕೈಯಿಂದ ಮಾಡಿ ನಿಲ್ಲಿಸಿದರು. ಅಂದಿನಿಂದ ಅಪ್ಪ ಶೆಡ್ಡಿನ ಬಾಗಿಲ ಕಡೆ, ಮಾಮಾ ಹಿಂದಿನ ಗೋಡೆಯ ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ನಡುವೆ ಕೂತ ನಾನು ಟಪಾಲಿನವಳಾದೆ.

"ಪದ್ದಿ, ನಿಮ್ಮ ಮಾಮಾಗ ಹೇಳು, ಅರ್ಧ ಇಂಚಿನ ಹಾಳಿ ಮುಗದೈತಿ."

"ಪದ್ದಿ, ನಿಮ್ಮಪ್ಪಗ ಹೇಳು, ನನಗೂ ಕಣ್ಣ ಅದಾವ ಅಂತ."

ಇಬ್ಬರ ಮಾತೂ ಇಬ್ಬರಿಗೂ ಕೇಳುತ್ತಿತ್ತು. ಆದರೂ ನಾನು ತಿರುಗಿ ಹೇಳಲೇಬೇಕಿತ್ತು, ಇಲ್ಲದಿದ್ದರೆ ಉತ್ತರ ಬರುತ್ತಿರಲಿಲ್ಲ.

ಈ ಜಗಳದಲ್ಲಿ ನಿಜವಾಗಿ ಕಳೆದುಕೊಳ್ಳುವವಳು ಅವ್ವ. ಅವಳ ಅಪ್ಪ ಅವ್ವ ತೀರಿಕೊಂಡು ಬಹಳ ಕಾಲವಾಗಿತ್ತು. ಊರಿನ ಮನೆ ಎಂದೋ ಹೋಗಿತ್ತು. ಮಿಯಾಪುರದ ಒಂಬತ್ತನೇ ಮಹಡಿಯಲ್ಲಿದ್ದ ಮಾಮಾನ ಫ್ಲ್ಯಾಟೇ ಅವಳ ತವರು. ಪ್ರತಿ ಶ್ರಾವಣದಲ್ಲಿ ನಾಗರಪಂಚಮಿಯ ಹಿಂದಿನ ದಿನ ಮಾಮಾ ತಾರ್ನಾಕಾದ ನಮ್ಮ ಮನೆಗೆ ಬಂದು ಅಕ್ಕನನ್ನು ಕರೆದುಕೊಂಡು ಹೋಗಬೇಕು. ಒಂದೇ ಊರಿನಲ್ಲಿದ್ದರೂ, ವಾರಕ್ಕೊಮ್ಮೆ ಭೇಟಿಯಾಗುತ್ತಿದ್ದರೂ, ಪಂಚಮಿಗೆ ಮಾತ್ರ ಕರೆಯದೆ ಹೋಗುವಂತಿಲ್ಲ. "ಇವರಿಬ್ಬರೂ ಬ್ಯಾರೆ ಆದ್ರ ಅಂವ ನಮ್ಮ ಹೊಸ್ತಲಾ ತುಳಿಯಂಗಿಲ್ಲ. ನನಗ ತವರು ಅನ್ನೋದು ಎಲ್ಲಿ ಉಳೀತು?" ಎಂದು ಒಂದೇ ಒಂದು ಸಲ ನನ್ನ ಮುಂದೆ ಹೇಳಿದಳು. ಅಪ್ಪನ ಮುಂದೆ ಹೇಳಲಿಲ್ಲ, ತಮ್ಮನ ಮುಂದೆಯೂ ಹೇಳಲಿಲ್ಲ.

ಆಷಾಢ ಬಂತು. ಆಷಾಢದಲ್ಲಿ ಇಲ್ಲಿ ಯಾವ ಬಿಲ್ಡರೂ ಹೊಸ ಕಟ್ಟಡಕ್ಕೆ ಪೂಜೆ ಮಾಡುವುದಿಲ್ಲವಾದ್ದರಿಂದ ನಮಗೆ ಕೆಲಸವೇ ಇರಲಿಲ್ಲ. ತಗಡಿನ ಮೇಲೆ ಮಳೆ ಬೀಳುವುದನ್ನು ಕೇಳುತ್ತ ನಾಲ್ವರೂ ನಾಲ್ಕು ಕಡೆ ಕೂತಿದ್ದಾಗ ಮಾರೇಡುಪಲ್ಲಿಯ ಡಾಕ್ಟರು ಬಂದರು. ಕಿವಿ ಮೂಗು ಗಂಟಲಿನ ಡಾಕ್ಟರು, ನಿವೃತ್ತರು. ತೆಲುಗಿನವರಾದರೂ ಹುಬ್ಬಳ್ಳಿಯಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು, ಮಾತಾಡಲು ಜನ ಸಿಕ್ಕರೆ ಬಿಡುತ್ತಿರಲಿಲ್ಲ. ಹಳೆಯ ಯುದ್ಧಗಳ ಹುಚ್ಚು ಅವರಿಗೆ, ಅಂಥದೊಂದು ಯುದ್ಧದ ಮಾಡೆಲ್ಲು ಮಾಡಿಸಲು ಬಂದಿದ್ದರು. ಕಂಕುಳಲ್ಲಿದ್ದ ನಕ್ಷೆಯನ್ನು ನಮ್ಮ ಮೇಜಿನ ಮೇಲೆ ಬಿಚ್ಚಿ, ನಾಲ್ಕು ಮೂಲೆಗೆ ನಮ್ಮವೇ ನಾಲ್ಕು ಅಂಟಿನ ಡಬ್ಬಿ ಇಟ್ಟರು.

"ಇದು ಇಟಲಿ. ನೆಪೋಲಿಯನ್ನನ ಕಾಲ ಮುಗೀಲಿಕ್ಕೆ ಬಂದಿತ್ತು. ಮ್ಯಾಲ ಉತ್ತರಕ್ಕ ಈ ದೊಡ್ಡ ಸರೋವರ. ಅದರಿಂದ ಹೊರಬಿದ್ದು ದಕ್ಷಿಣಕ್ಕ ಹರಿಯೂ ಹೊಳಿ, ಮಿಂಚೊ ಅಂತ. ಈ ದಂಡ್ಯಾಗ ಫ್ರೆಂಚರು, ಆ ದಂಡ್ಯಾಗ ಆಸ್ಟ್ರಿಯಾದವರು. ಇವರಿಗೆ ಅನಸ್ತು, ಅವರು ಹಿಂದ ಸರೀಲಿಕ್ಕತ್ತಾರ ಅಂತ. ಅವರಿಗೂ ಅನಸ್ತು, ಇವರು ಓಡ್ಲಿಕ್ಕತ್ತಾರ ಅಂತ. ಒಂದ ಮುಂಜಾನಿ ಇಬ್ಬರೂ ಹೊಳಿ ದಾಟಿದ್ರು. ಇವರು ಆ ದಂಡಿಗೆ, ಅವರು ಈ ದಂಡಿಗೆ."

"ಗೆದ್ದವ್ರು ಯಾರ್ರಿ?" ಎಂದ ಮಾಮಾ.

"ಯಾರೂ ಇಲ್ಲ. ದಿನಾ ಎಲ್ಲಾ ಬಡದಾಡಿ ತಮ್ಮ ತಮ್ಮ ದಂಡಿಗೆ ಹೊಳ್ಳಿ ಹೋದ್ರು. ಸತ್ತವರು, ಗಾಯ ಆದವರು ಸಾವಿರಗಟ್ಲೆ. ಹೊಳಿ ಎಲ್ಲಿತ್ತೋ ಅಲ್ಲೇ ಉಳೀತು."

ಮಲ್ಲಮ್ಮ ಸ್ಪಂಜು ತೊಳೆಯುವುದನ್ನು ನಿಲ್ಲಿಸಿ ಕೇಳಿದಳು: "ಯಾರೂ ಗೆಲ್ಲಲಿಲ್ಲಂದ್ರ ಅದನ್ನ್ಯಾಕ ಗೊಂಬಿ ಮಾಡಿಸ್ತೀರ್ರಿ?"

ಡಾಕ್ಟರು ನಕ್ಕರು. "ಗೆದ್ದವರ ಗೊಂಬಿ ಊರ ತುಂಬ ಅದಾವಮ್ಮ. ನಾ ಇಷ್ಟು ವರ್ಷ ಡಾಕ್ಟರಕಿ ಮಾಡೀನಿ. ಹೆಚ್ಚಿನ ಲಡಾಯಿ ಹಿಂಗ ಇರತಾವ."

ಅಪ್ಪ ಒಪ್ಪಿದರು, ಕೈಕೆಲಸ ಸಿಕ್ಕಿತೆಂದು. ಮಾಮಾ ಒಪ್ಪಿದ, ಸೈನಿಕರನ್ನು ಯಂತ್ರದಲ್ಲಿ ಮಾಡಿಸಬಹುದೆಂದು. ಇಬ್ಬರೂ ನನ್ನ ಮೂಲಕವೇ ಒಪ್ಪಿದರು.

ಆ ಮಳೆಗಾಲ ನನಗೆ ಬಹಳ ಪ್ರೀತಿಯದು. ನಾಚಾರಂನ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತಿತ್ತು, ಪಕ್ಕದ ಶೆಡ್ಡಿನ ಸುಟ್ಟ ರಬ್ಬರಿನ ವಾಸನೆ ಮಳೆಗೆ ಸೇರಿ ಇನ್ನಷ್ಟು ದಟ್ಟವಾಗುತ್ತಿತ್ತು, ಅಂಟು ಒಣಗುತ್ತಲೇ ಇರಲಿಲ್ಲ. ಮಲ್ಲಮ್ಮ ಹೇರ್ ಡ್ರೈಯರ್ ಹಿಡಿದು ಗುಡ್ಡಗಳನ್ನು ಒಣಗಿಸುತ್ತಿದ್ದಳು. ಮಾಮಾ ಮಾದಾಪುರದಿಂದ ಚೀಲದ ತುಂಬ ಸೈನಿಕರನ್ನು ತಂದು ಸುರಿದ. ನನ್ನ ಕಿರುಬೆರಳ ಉಗುರಿನಷ್ಟು ಎತ್ತರ. ಅಪ್ಪ ಒಬ್ಬನನ್ನು ಎತ್ತಿ ಬೆಳಕಿಗೆ ಹಿಡಿದು, "ಎಲ್ಲಾರದೂ ಒಂದ ಮಾರಿ" ಎಂದರು. "ಸಿಪಾಯಿ ಅಂದ್ರ ಹಂಗ ಇರಬೇಕಂತ ಹೇಳು" ಎಂದು ಹಿಂದಿನ ಗೋಡೆಯಿಂದ ಉತ್ತರ ಬಂತು. ನಾನೂ ಮಲ್ಲಮ್ಮನೂ ಅವರಿಗೆ ಬಣ್ಣ ಬಳಿದೆವು. ಫ್ರೆಂಚರಿಗೆ ನೀಲಿ ಕೋಟು, ಆಸ್ಟ್ರಿಯಾದವರಿಗೆ ಬಿಳಿ ಕೋಟು. ಎಲ್ಲರದೂ ಒಂದೇ ಮುಖವಾಗಬಾರದೆಂದು ಮಲ್ಲಮ್ಮ ಕೆಲವರಿಗೆ ಮೀಸೆ ಬರೆದಳು. ಅವಳ ಊರಿನ ಗೌಡರ ಮೀಸೆ ಆಸ್ಟ್ರಿಯಾದ ಕುದುರೆ ಸವಾರನಿಗೆ ಚೆನ್ನಾಗಿಯೇ ಒಪ್ಪಿತು.

ಮಾಡೆಲ್ಲು ನಿಲ್ಲಬೇಕಾದ ಹಲಗೆ ಮಂಚಕ್ಕಿಂತ ದೊಡ್ಡದಿತ್ತು. ನೆಲ, ಗುಡ್ಡ, ಇಳಿಜಾರು ಅಪ್ಪನ ಕೆಲಸ. ನೀರು ಮಾಮಾನ ಕೆಲಸ. ಮೊದಲಿನಿಂದಲೂ ನಮ್ಮಲ್ಲಿ ಹಂಚಿಕೆ ಹಾಗೆಯೇ. ಅಪ್ಪ ಇಳಿಜಾರು ಮಾಡಿ ಮುಗಿಸಿ ಬಾಗಿಲ ಕಡೆ ಹೋದ ಮೇಲೆ ಮಾಮಾ ಬಂದು ಹೊಳೆ ಹರಿಸಿದ. ಅವನು ನೀರು ಮಾಡುವುದನ್ನು ನೋಡಬೇಕು. ಬಣ್ಣದ ಮೇಲೆ ತಿಳಿಯಾದ ಅಂಟು ಸುರಿದು, ಅದು ಗಟ್ಟಿಯಾಗುವ ಹೊತ್ತಿಗೆ ಸರಿಯಾಗಿ ಹಳೆಯ ಬಾಚಣಿಗೆಯಿಂದ ಅಲೆ ಎಳೆಯುತ್ತಿದ್ದ. ಅಲೆಯ ತಲೆ ನೀರು ಹರಿಯುವ ದಿಕ್ಕಿಗೇ ಬಾಗಿರಬೇಕು. ಆ ಹೊತ್ತಿನಲ್ಲಿ ಯಾರೂ ಕೆಮ್ಮಬಾರದು.

ಎಲ್ಲ ಮುಗಿದ ಮೇಲೆ ಡಾಕ್ಟರು ನೋಡಲು ಬಂದರು. ಕನ್ನಡಕ ಹಣೆಗೇರಿಸಿ ಒಂದು ಸುತ್ತು ಬಂದರು. ಇಳಿಸಿಕೊಂಡು ಇನ್ನೊಂದು ಸುತ್ತು ಬಂದರು. ಕೊನೆಗೆ ಸಂಕೋಚದಿಂದ, "ಭಾಳ ಛಂದ ಆಗೇದ. ಖರೆ, ಹೊಳಿ ಸರೋವರದಿಂದ ಹೊರಗ ಬರಬೇಕಾಗಿತ್ತು. ಇದು ಸರೋವರದ ಒಳಗ ಹೊಂಟದಲ್ಲ?" ಎಂದರು.

ಎಲ್ಲರೂ ಬಗ್ಗಿದೆವು. ಹೌದು. ಉತ್ತರದ ಸರೋವರ ಎತ್ತರದಲ್ಲಿರಬೇಕಿತ್ತು, ನೀರು ಅಲ್ಲಿಂದ ದಕ್ಷಿಣಕ್ಕೆ ಇಳಿಯಬೇಕಿತ್ತು. ನಮ್ಮ ಹಲಗೆಯಲ್ಲಿ ಎಲ್ಲಕ್ಕಿಂತ ತಗ್ಗಾದ ಜಾಗ ಈಶಾನ್ಯ ಮೂಲೆ. ಹೊಳೆ ದಕ್ಷಿಣದಿಂದ ಹೊರಟು, ಅಲೆಗಳ ತಲೆ ಬಾಗಿಸಿಕೊಂಡು, ಶಿಸ್ತಾಗಿ ಈಶಾನ್ಯಕ್ಕೆ ಹರಿಯುತ್ತಿತ್ತು. ಈಶಾನ್ಯ ತಗ್ಗಿರಬೇಕು, ನೀರು ಅಲ್ಲಿಗೇ ಸೇರಬೇಕು ಎಂಬುದು ವಾಸ್ತು. ಅದಿಲ್ಲದ ಮಾಡೆಲ್ಲನ್ನು ಈ ಊರಿನ ಬಿಲ್ಡರು ಕಣ್ಣೆತ್ತಿಯೂ ನೋಡುವುದಿಲ್ಲ. ಅಷ್ಟು ವರ್ಷ ಅದನ್ನೇ ಮಾಡಿದ ಅಪ್ಪನ ಕೈ ಕೇಳದೆಯೇ ಆ ಮೂಲೆಯನ್ನು ತಗ್ಗಿಸಿತ್ತು. ಮಾಮಾನ ಕೈ ಕೇಳದೆಯೇ ನೀರನ್ನು ಅಲ್ಲಿಗೆ ತಿರುಗಿಸಿತ್ತು. ಇಬ್ಬರೂ ಒಂದು ಮಾತು ಆಡಿಕೊಂಡಿದ್ದರೆ ಒಬ್ಬರಿಗಾದರೂ ಹೊಳೆಯುತ್ತಿತ್ತೇನೋ. ಟಪಾಲಿನವಳಿಗೂ ಹೊಳೆದಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

"ಇರ್ಲಿ ಬಿಡ್ರಿ. ವಾಸ್ತು ಸರಿ ಇದ್ರ ಯಾರರ ಗೆಲ್ಲತಿದ್ರೋ ಏನೋ" ಎಂದರು ಡಾಕ್ಟರು.

ಮಾಮಾ ನಗಲು ಶುರು ಮಾಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ, ನನ್ನ ಕಡೆ ನೋಡದೆ, ನೇರ ಅಪ್ಪನಿಗೇ ಹೇಳಿದ: "ಭಾವಾ, ಇಟಲಿಗೂ ನಾವ ವಾಸ್ತು ಮಾಡಿ ಕೊಟ್ವಿ ನೋಡ್ರಿ."

ಅಪ್ಪ ನಗಲಿಲ್ಲ. ಆದರೆ ನನ್ನ ಕಡೆಗೂ ನೋಡಲಿಲ್ಲ. "ಆ ಕಡಿ ಹಿಡಿ ಶರಣೂ" ಎಂದರು.

ಅಷ್ಟೇ. ಬೇಸಿಗೆಯಿಂದ ನಿಂತಿದ್ದ ಮಾತು ಅಲ್ಲಿಗೆ ಶುರುವಾಯಿತು. ಮಾಡೆಲ್ಲು ತೋರಿಸಲು ಇದೇ ಸಾಕು ಎಂದು ಡಾಕ್ಟರು ಎಷ್ಟು ಹೇಳಿದರೂ ಇಬ್ಬರೂ ಕೇಳಲಿಲ್ಲ. ಹೊಳೆಯನ್ನು ಕಿತ್ತರು, ಇಳಿಜಾರನ್ನು ಕಿತ್ತರು. ನೀಲಿ ಕೋಟುಗಳನ್ನೂ ಬಿಳಿ ಕೋಟುಗಳನ್ನೂ ಮಲ್ಲಮ್ಮ ಒಂದೇ ಬುಟ್ಟಿಗೆ ತುಂಬಿದಳು. ಅಪ್ಪ ಒಂದು ದಂಡೆಗೆ, ಮಾಮಾ ಇನ್ನೊಂದು ದಂಡೆಗೆ ಕೂತು ಎಲ್ಲವನ್ನೂ ಮೊದಲಿನಿಂದ ಮಾಡಿದರು. ಆಡುತ್ತಿದ್ದದ್ದು ಕೆಲಸದ ಮಾತು ಮಾತ್ರ. "ಒಂದ ಎಳಿ ತಗ್ಗಸ್ರಿ ಭಾವಾ." "ಈಗ ನೋಡು." ಮಾದಾಪುರದ ಸುದ್ದಿ ಯಾರೂ ಎತ್ತಲಿಲ್ಲ. ನನಗೆ ಟಪಾಲಿನ ಕೆಲಸ ತಪ್ಪಿತು, ಆದರೆ ಎದೆಯ ಭಾರ ಇಳಿಯಲಿಲ್ಲ. ಈ ಕೆಲಸ ಮುಗಿದ ಮೇಲೆ ಬೇರೆಯಾಗುವುದೇ ಎಂದು ಇಬ್ಬರೂ ಒಳಗೊಳಗೇ ತೀರ್ಮಾನಿಸಿದ್ದಾರೆ, ಅದಕ್ಕೇ ಇಷ್ಟು ಮೆತ್ತಗಾಗಿದ್ದಾರೆ ಎಂದು ನನಗೆ ಅನಿಸುತ್ತಿತ್ತು.

ಅವ್ವ ಪಂಚಮಿಗೆ ಉಂಡಿ ಕಟ್ಟುತ್ತಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. ಮೂರು ಜನರ ಮನೆಗೆ ಮೂವತ್ತು ಜನಕ್ಕಾಗುವಷ್ಟು. ಮಾಮಾನಿಗೆ ಒಂದು ಫೋನು ಮಾಡಿ ಕೇಳಬಾರದೇ ಎಂದೆ.

"ಏನಂತ ಕೇಳ್ಲಿ? ನಾನ ಕೇಳಿ ಕರಿಸಿಕೊಂಡು ಹೋದ್ರ ಅದು ತವರಲ್ಲ, ಲಾಡ್ಜು" ಎಂದಳು, ಕೈಯಲ್ಲಿದ್ದ ಉಂಡಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತ.

ಮಾಡೆಲ್ಲು ಮಾರೇಡುಪಲ್ಲಿಗೆ ಹೋಯಿತು. ಅದರ ಮರುದಿನವೇ ರೊಟ್ಟಿ ಹಬ್ಬ, ಪಂಚಮಿಯ ಹಿಂದಿನ ದಿನ. ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟರು. ಡಾಕ್ಟರ ಮನೆಯಲ್ಲಿ ಸಣ್ಣಪುಟ್ಟ ತೇಪೆ ಇದೆ ಎಂದು ಹೇಳಿ ಮೆಟ್ರೋ ಹತ್ತಲು ಹೋದರು. ತೇಪೆ ಹಾಕಲು ಇಸ್ತ್ರಿ ಅಂಗಿ ಯಾಕೆ ಎಂದು ಅವ್ವ ಕೇಳಲಿಲ್ಲ. ಸಜ್ಜೆ ರೊಟ್ಟಿ ಬಡಿಯುತ್ತ, ಲಿಫ್ಟಿನ ಸದ್ದಾದಾಗಲೆಲ್ಲ ಬಡಿಯುವುದನ್ನು ನಿಲ್ಲಿಸುತ್ತಿದ್ದಳು. ಲಿಫ್ಟು ಎಷ್ಟೋ ಸಲ ಬೇರೆ ಮನೆಗಳ ಮುಂದೆಯೇ ನಿಂತು ಹೋಯಿತು.

ಮಧ್ಯಾಹ್ನ ಮಾಮಾ ಬಂದ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದ, ಆದರೆ ಕೈಯಲ್ಲಿದ್ದ ಕುಪ್ಪಸದ ಖಣದ ಪೊಟ್ಟಣವನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ. "ಅಕ್ಕಾ, ಪಂಚಮಿಗೆ ನಡಿ" ಎಂದ, ಪ್ರತಿ ವರ್ಷದಂತೆ. ಅವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ಭಾವ ಎಲ್ಲಿ? ಅವ್ರ ಕೂಡ ಒಂದು ಮಾತದ" ಎಂದ ಮಾಮಾ. ಇಲ್ಲ ಎಂದೆ. ಅವನು ಕುರ್ಚಿಯಲ್ಲಿ ಕೂತು ನನಗೇ ಹೇಳಿದ. ಅಭ್ಯಾಸಬಲ. "ಹೇಳು ನಿಮ್ಮಪ್ಪಗ. ಮುಂಜಾನೆ ಮಾದಾಪುರದಂವಗ ಬ್ಯಾಡಂತ ಹೇಳಿ ಬಂದೀನಿ. ಶೆಡ್ಡಿನ ಮಾಲಕ್ರಿಗೂ ನಾವ ಎಲ್ಲೂ ಹೋಗಂಗಿಲ್ಲ ಅಂದೀನಿ. ಭಾವ ಆ ಗುಡ್ಡ ಕಡೀತಿದ್ರಲ್ಲ ಪದ್ದಿ, ಅಳತಿ ಇಲ್ಲ, ಏನಿಲ್ಲ. ಆ ಕೈನ ನಾ ಮಾದಾಪುರದ ಗಾಜಿನ ಖೋಲ್ಯಾಗ ತಂದು ಕೂಡಿಸಿದ್ರ ನಡಿಯಂಗಿಲ್ಲ."

ಅವ್ವನಿಗೆ ಫೋನು ಬಂದದ್ದು ಆಗ. ಮಾಮಾನ ಹೆಂಡತಿ ಕವಿತಾ ಅತ್ತೆ, ಮಿಯಾಪುರದಿಂದ. ಅಪ್ಪನನ್ನು ಅವಳು ಅಣ್ಣಾರು ಎನ್ನುತ್ತಾಳೆ. ಸ್ಪೀಕರಿಗೆ ಹಾಕಿದಳು ಅವ್ವ.

"ಅಕ್ಕಾರ, ಅಣ್ಣಾರು ಇಲ್ಲಿ ನಮ್ಮನಿಗೆ ಬಂದಾರ್ರಿ. ಇವರನ್ನ ಹುಡುಕ್ಯಾಡಾಕತ್ತಾರ. ಮಾದಾಪುರದಾಗ ಆ ಜಾಗಾ ನೋಡಿ, ಅವ್ರಿಗೆ ಹ್ಞೂಂ ಅಂತ ಮಾತು ಕೊಟ್ಟು ಬಂದಾರಂತ. ಶರಣು ಹೇಳೂದ ಖರೆ, ಅಂವ ನೀರು ಮಾಡೂದು ನೋಡಿದ್ರ ಆ ಕೈಗೆ ನಾಚಾರಂ ಶೆಡ್ಡು ಸಣ್ಣದಾತು ಅಂತಾರ. ಊಟಕ್ಕ ನಿಲ್ಲಿಸಿಕೊಂಡೀನಿ."

ಮಾಮಾ ಬಾಯಿ ತೆರೆದವನು ಮುಚ್ಚಲಿಲ್ಲ. ಬೆಳಿಗ್ಗೆ ಒಬ್ಬ ಬಂದು ಬೇಡ ಎಂದ, ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದು ಬೇಕು ಎಂದರು. ಮಾದಾಪುರದ ಆ ಮನುಷ್ಯ ನಮ್ಮ ಬಗ್ಗೆ ಏನೆಂದುಕೊಂಡನೋ. ನಡುದಾರಿಯಲ್ಲೆಲ್ಲೋ ಇಬ್ಬರ ಮೆಟ್ರೋ ಗಾಡಿಗಳೂ ಎದುರುಬದುರು ಹಾದುಹೋಗಿರಬೇಕು.

ಅವ್ವ ಕೈ ತೊಳೆದುಕೊಂಡು, ಹೊಸ ಖಣವನ್ನು ಕಣ್ಣಿಗೊತ್ತಿ ಚೀಲಕ್ಕೆ ಹಾಕಿಕೊಂಡು, ಉಂಡಿ ಡಬ್ಬಿಗಳನ್ನು ನನ್ನ ಮೇಲೆ ಹೇರಿ ಹೊರಟಳು. ಮೆಟ್ರೋದಲ್ಲಿ ಉದ್ದಕ್ಕೂ ತಮ್ಮನ ಪಕ್ಕದಲ್ಲಿ ಕೂತು ಕಿಟಕಿಯಾಚೆಯ ಮಳೆ ನೋಡುತ್ತಿದ್ದಳು. ಮಿಯಾಪುರದ ಬಾಗಿಲು ತೆರೆದಾಗ ಅಪ್ಪ ಮೊಸರನ್ನ ಉಣ್ಣುತ್ತಿದ್ದರು. "ತವರಿಗೆ ಬಂದ್ರೂ ಇವರ ಮಾರಿನೇ ನೋಡಬೇಕ ನಾ" ಎಂದು ಅವ್ವ ಕವಿತಾ ಅತ್ತೆಗೆ ಹೇಳಿದಳು. ಅಪ್ಪ ಎಡಗೈಯಿಂದ ಕನ್ನಡಕ ಸರಿಮಾಡಿಕೊಂಡು ಮಾಮಾನನ್ನು ನೋಡಿದರು. ಮಾಮಾ ಅಪ್ಪನನ್ನು ನೋಡಿದ. ಆಮೇಲೆ ಶುರುವಾಯಿತು ನೋಡಿ ನಿಜವಾದ ಜಗಳ. ಮಾದಾಪುರಕ್ಕೇ ಹೋಗಬೇಕು ಎಂದು ಅಪ್ಪ, ನಾಚಾರಂ ಬಿಟ್ಟು ಒಂದು ಹೆಜ್ಜೆ ಇಡುವುದಿಲ್ಲ ಎಂದು ಮಾಮಾ. ಕೊಟ್ಟ ಮಾತನ್ನು ಇಬ್ಬರೂ ಹಿಂದೆ ತೆಗೆದುಕೊಳ್ಳಲು ತಯಾರಿಲ್ಲ.

ಕೊನೆಗೆ ಯಾರು ಗೆದ್ದರು ಎಂದು ಕೇಳಿದರೆ ನನಗೂ ಹೇಳಲು ಬಾರದು. ಕೆಲವು ತಿಂಗಳು ಎರಡೂ ಕಡೆ ಓಡಾಡಿದರು. ಅಷ್ಟರಲ್ಲಿ ಕೊರೊನಾ ಬಂದು ಊರೇ ಬಾಗಿಲು ಮುಚ್ಚಿತು, ಮುಂದಿನ ಪಂಚಮಿಗೆ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಅವರಿಬ್ಬರೂ ಬೇರೆಯಾಗಲಿಲ್ಲ ಎನ್ನುವುದು ಮಾತ್ರ ನಿಜ. ಅಪ್ಪ ಹೋದ ದಿನ ಅವರ ಕಾಲ ಬಳಿ ಎಲ್ಲರಿಗಿಂತ ಕೊನೆಗೆ ಎದ್ದವನು ಮಾಮಾ.

ಆ ವರ್ಷದ ಪಂಚಮಿಯ ದಿನ, ಆ ಜಗಳದ ಮರುದಿನ, ಕವಿತಾ ಅತ್ತೆ ಬಾಲ್ಕನಿಯ ಸೂರಿನ ಕೊಂಡಿಗೆ ಹಗ್ಗ ಕಟ್ಟಿ ಜೋಕಾಲಿ ಹಾಕಿದ್ದಳು. ಕೆಳಗೆ ಮಿಯಾಪುರದ ಅಷ್ಟೂ ಕಟ್ಟಡಗಳು ಮಳೆಯಲ್ಲಿ ನೆನೆಯುತ್ತಿದ್ದವು. ಅಷ್ಟು ವಯಸ್ಸಾದ ಅವ್ವ ಸೆರಗು ಸಿಗಿಸಿಕೊಂಡು ಮಣೆಯ ಮೇಲೆ ಕೂತಳು. ಒಂದು ಪಕ್ಕದಲ್ಲಿ ಅಪ್ಪ, ಇನ್ನೊಂದು ಪಕ್ಕದಲ್ಲಿ ಮಾಮಾ ಕಟಕಟೆಗೆ ಒರಗಿ ನಿಂತು ಹಿಂದಿನ ದಿನದ ಜಗಳವನ್ನೇ ಮುಂದುವರಿಸಿದ್ದರು. "ನೀ ನನ್ನ ಮಾತು ಕೇಳು." "ನೀವು ಮೊದಲ ನಂದು ಕೇಳ್ರಿ ಭಾವಾ."

"ಜಗಳ ಆಮ್ಯಾಲ ಮಾಡ್ರಿ. ಮೊದಲ ನನ್ನ ತೂಗ್ರಿ" ಎಂದಳು ಅವ್ವ.

ಇಬ್ಬರೂ ಒಂದೊಂದು ಹಗ್ಗ ಹಿಡಿದರು. ಜಗಳ ನಿಲ್ಲಿಸಲಿಲ್ಲ. ಅವ್ವ ಹಿಂದಕ್ಕೂ ಮುಂದಕ್ಕೂ ಹೋಗುತ್ತ, ಇಬ್ಬರ ಮಾತನ್ನೂ ಕೇಳುತ್ತ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅಷ್ಟು ಸುಖವಾಗಿ ಅವಳು ನಕ್ಕಿದ್ದನ್ನು ನಾನು ಆಮೇಲೆ ನೋಡಿಲ್ಲ.